ಪದಚರ್ಚೆ: ‘ಟ್ರೇಸಬಿಲಿಟಿ’ಗೆ ‘ಪತ್ತೆಹಚ್ಚುವಿಕೆ’ ಸಾಕಾ?

ಎಲ್ಲರಿಗೂ ನಮಸ್ಕಾರ.

ವಾಟ್ಸಾಪ್, ಸಿಗ್ನಲ್ ಥರದ ಆಪ್‌ಗಳಲ್ಲಿ ನಾವು ಕಳಿಸುವ ಸಂದೇಶಗಳ ಮೇಲೆ ಸರ್ಕಾರ ಎಷ್ಟರಮಟ್ಟಿಗೆ ಕಣ್ಣಿಡಬಹುದು ಎಂಬುದರ ಬಗ್ಗೆ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಕಾಲೇಜು ಹುಡುಗರಿಗೂ ಅರ್ಥವಾಗಬೇಕು, ಅವರ ಅಪ್ಪ ಅಮ್ಮನಿಗೂ ಅರ್ಥವಾಗಬೇಕು. ಕೆಲವು ಪದಗಳು ಸತಾಯಿಸುತ್ತಿವೆ, ಅದರಲ್ಲೂ ‘ಟ್ರೇಸಬಿಲಿಟಿ’, ಅಂದರೆ ಒಂದು ಸಂದೇಶ ಮೊದಲು ಯಾರಿಂದ ಹೊರಟಿತು ಅಂತ ಗುರುತಿಸಲು ಬರುವುದು.

ಸುಲಭದ್ದು ಮೊದಲು ಮುಗಿಸೋಣ. ಎನ್‌ಕ್ರಿಪ್ಶನ್‌ಗೆ ‘ಗೂಢಲಿಪೀಕರಣ’ ಅನ್ನುವುದುಂಟು, ಅಂದರೆ ಬೇರೆಯವರಿಗೆ ಓದಲು ಬಾರದ ಹಾಗೆ ಸಂದೇಶವನ್ನು ಬದಲಿಸಿ ಕಳಿಸುವುದು. ನನಗೆ ಹಿಡಿಸಿಲ್ಲ. ಉದ್ದವಾಯಿತು ಅಂತಲ್ಲ, ‘ಗೂಢ’ ಅಂದ ಕೂಡಲೇ ಗೂಢಚಾರ ನೆನಪಾಗುತ್ತಾನೆ. ತನ್ನ ರಕ್ತ ಪರೀಕ್ಷೆಯ ರಿಪೋರ್ಟನ್ನು ಅಕ್ಕನಿಗೆ ಕಳಿಸುವವಳು ಗೂಢವಾದ್ದೇನೂ ಮಾಡುತ್ತಿಲ್ಲ, ಅಲ್ವಾ? ಜನ ‘ಎನ್‌ಕ್ರಿಪ್ಟ್ ಆಗಿದೆ’ ಅಂತಲೇ ಹೇಳುತ್ತಾರೆ, ಅದನ್ನೇ ಇಟ್ಟುಕೊಳ್ಳುತ್ತೇನೆ. ‘ಎಂಡ್ ಟು ಎಂಡ್’ ಅನ್ನು ಮಾತ್ರ ದಯವಿಟ್ಟು ಯಾರೂ ‘ಅಂತ್ಯದಿಂದ ಅಂತ್ಯಕ್ಕೆ’ ಮಾಡಬೇಡಿ, ತಿಥಿ ಕಾರ್ಡಿನ ಹಾಗೆ ಕೇಳಿಸುತ್ತದೆ. ಕೈಪಿಡಿಯಲ್ಲಿ ಹೀಗೆ ವಿವರಿಸಿದ್ದೇನೆ: ಸಂದೇಶ ಬಿಚ್ಚುವ ಕೀಲಿ ಮಾತಾಡುವವರ ಫೋನಿನಲ್ಲಷ್ಟೇ ಇರುತ್ತದೆ, ನಡುವೆ ಇರುವ ಕಂಪನಿಯ ಬಳಿ ಇರುವುದಿಲ್ಲ. ಯಾರು ಯಾರಿಗೆ ಯಾವಾಗ ಕಳಿಸಿದರು ಅಂತ ಕಂಪನಿಗೆ ತಿಳಿಯಬಹುದು, ಏನು ಕಳಿಸಿದರು ಅಂತ ತಿಳಿಯದು. ವಾಟ್ಸಾಪ್‌ನಲ್ಲಿ 2016ರಿಂದ ಎಲ್ಲರಿಗೂ ಇದೇ ವ್ಯವಸ್ಥೆ.

‘ಬ್ಯಾಕ್‌ಡೋರ್’ಗೆ ‘ಹಿಂಬಾಗಿಲು’ ಸಾಕು, ಅಂದರೆ ಎನ್‌ಕ್ರಿಪ್ಟ್ ಆದದ್ದನ್ನೂ ಗುಟ್ಟಾಗಿ ತೆರೆದು ನೋಡಲು ಇಟ್ಟ ದಾರಿ. ‘ಹಿಂಬಾಗಿಲ ನೇಮಕಾತಿ’ ಅಂತ ಓದಿ ಓದಿ ನಮಗೆ ಅದರ ವಾಸನೆ ಚೆನ್ನಾಗಿ ಗೊತ್ತು. ಬ್ರಿಟನ್ ಸರ್ಕಾರ ಅಂಥದ್ದೊಂದು ಬಾಗಿಲು ಕೇಳಿದೆ ಎಂಬ ಸುದ್ದಿ ಬಂದ ಮೇಲೆ, 2025ರ ಫೆಬ್ರವರಿಯಲ್ಲಿ ಆಪಲ್ ಅಲ್ಲಿನ ಗ್ರಾಹಕರಿಗೆ ಐಕ್ಲೌಡ್‌ನ ‘ಅಡ್ವಾನ್ಸ್ಡ್ ಡೇಟಾ ಪ್ರೊಟೆಕ್ಷನ್’ (ಆನ್‌ಲೈನಿನಲ್ಲಿ ಇಟ್ಟ ಫೋಟೋ, ಕಡತಗಳಿಗೂ ಎಂಡ್ ಟು ಎಂಡ್ ಬೀಗ) ಸೌಲಭ್ಯವನ್ನೇ ಕೊಡುವುದು ನಿಲ್ಲಿಸಿತು. ಬಾಗಿಲು ಇಡುವ ಬದಲು ಕೋಣೆಯನ್ನೇ ತೆಗೆದರು.

ಇನ್ನು ‘ಕದ್ದಾಲಿಕೆ’. ಕದ್ದು ಆಲಿಸುವುದು. ಚೆಂದದ ಪದ. 1988ರಲ್ಲಿ ಫೋನ್ ಕದ್ದಾಲಿಕೆ ಆರೋಪ ಬಂದು ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನ ಬಿಟ್ಟರು. ಕರ್ನಾಟಕದಲ್ಲಿ ಈ ಪದಕ್ಕೆ ಯಾರೂ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಕಾನೂನು ಒಪ್ಪಿದ್ದಕ್ಕೂ ಒಪ್ಪದ್ದಕ್ಕೂ ನಾವು ಇದನ್ನೇ ಬಳಸುತ್ತೇವೆ. ಗೃಹ ಕಾರ್ಯದರ್ಶಿ ಸಹಿ ಹಾಕಿದ ಮೇಲೆ ಅದು ‘ಕದ್ದು’ ಹೇಗಾಗುತ್ತದೆ ಅಂತ ಪರಿಚಯದ ವಕೀಲರೊಬ್ಬರು ತಕರಾರು ತೆಗೆದರು. ನನ್ನ ಪ್ರಕಾರ, ಮಾತಾಡುವ ಇಬ್ಬರಿಗೂ ಗೊತ್ತಿಲ್ಲದ ಹಾಗೆ ಕೇಳಿಸಿಕೊಂಡರೆ ಅದು ಕದ್ದು ಕೇಳಿದ್ದೇ. ಅಪ್ಪಣೆ ಇತ್ತೋ ಇಲ್ಲವೋ ಬೇರೆ ಪ್ರಶ್ನೆ. ಹಾಗಾಗಿ ಪದವನ್ನು ಬದಲಿಸಿಲ್ಲ.

ನನ್ನ ತಕರಾರು ಬೇರೆ. ವಾಟ್ಸಾಪ್ ಮತ್ತು ಸರ್ಕಾರದ ನಡುವಿನ ವಿವಾದಕ್ಕೂ ಸುದ್ದಿಗಳಲ್ಲಿ ಸುಮ್ನೆ ‘ಕದ್ದಾಲಿಕೆ’ ಅಂತ ಹಾಕಿಬಿಡುತ್ತಾರೆ. ಅಲ್ಲಿ ಸರ್ಕಾರ ಬೇಕು ಅನ್ನುತ್ತಿರುವುದು ಅದಲ್ಲ.

2021ರ ಫೆಬ್ರವರಿ 25ರಂದು ಹೊರಬಂದ ಐಟಿ (ಮಾಹಿತಿ ತಂತ್ರಜ್ಞಾನ) ನಿಯಮಗಳಲ್ಲಿ 4(2) ಅಂತ ಒಂದಿದೆ. ದೇಶದಲ್ಲಿ 50 ಲಕ್ಷಕ್ಕಿಂತ ಜಾಸ್ತಿ ಬಳಕೆದಾರರಿರುವ, ಸಂದೇಶ ಕಳಿಸುವುದೇ ಮುಖ್ಯ ಕೆಲಸವಾದ ಆಪ್‌ಗಳಿಗೆ ಅದು ಅನ್ವಯ. ಕೋರ್ಟ್ ಅಥವಾ ಅಧಿಕಾರವುಳ್ಳ ಸರ್ಕಾರಿ ಪ್ರಾಧಿಕಾರ ಆದೇಶ ಕೊಟ್ಟರೆ, ಒಂದು ಸಂದೇಶದ ‘ಫಸ್ಟ್ ಒರಿಜಿನೇಟರ್’ (ಸ್ಥೂಲವಾಗಿ, ಮೊದಲು ಕಳಿಸಿದವರು) ಯಾರು ಅಂತ ಗುರುತಿಸಲು ಬರುವಂತೆ ಕಂಪನಿ ವ್ಯವಸ್ಥೆ ಮಾಡಿರಬೇಕು. ಇದಕ್ಕೇ ಎಲ್ಲರೂ ‘ಟ್ರೇಸಬಿಲಿಟಿ’ ಅನ್ನುವುದು. ನಿಯಮದಲ್ಲಿ ಕಡಿವಾಣಗಳೂ ಇವೆ, ಅದನ್ನು ಹೇಳದಿದ್ದರೆ ಅನ್ಯಾಯ. ದೇಶದ ಭದ್ರತೆ, ಸಾರ್ವಜನಿಕ ಶಾಂತಿ, ಅತ್ಯಾಚಾರ, ಮಕ್ಕಳ ಲೈಂಗಿಕ ಶೋಷಣೆಯಂಥ ಗಂಭೀರ ಅಪರಾಧಗಳಿಗೆ ಮಾತ್ರ. ಬೇರೆ ಸೌಮ್ಯವಾದ ದಾರಿ ಇದ್ದರೆ ಆದೇಶ ಕೊಡುವಂತಿಲ್ಲ. ಸಂದೇಶದ ಒಳಗೇನಿದೆ ಅಂತ ಕಂಪನಿ ತೋರಿಸಬೇಕಾಗಿಲ್ಲ.

ಓದುವುದೇ ಇಲ್ಲವಲ್ಲ, ಮತ್ತೇನು ತೊಂದರೆ ಅಂತ ಓದುಗರು ಕೇಳುತ್ತಾರೆ. ಇಲ್ಲೇ ‘ಪತ್ತೆಹಚ್ಚುವಿಕೆ’ ನನಗೆ ಕೈಕೊಡುವುದು. ಪತ್ತೆಹಚ್ಚುವುದು ಕಳವು ಆದ ಮೇಲೆ ನಡೆಯುವ ಕೆಲಸ. ಆಗ ಹುಡುಕುವುದು ಕಳ್ಳನನ್ನು. ಆದರೆ ಯಾವ ಸಂದೇಶದ ಬಗ್ಗೆ ನಾಳೆ ಆದೇಶ ಬರುತ್ತದೋ ಕಂಪನಿಗೆ ಇವತ್ತು ಗೊತ್ತಿರುವುದಿಲ್ಲ. ಹಾಗಾಗಿ ಎಲ್ಲರ ಎಲ್ಲ ಸಂದೇಶಕ್ಕೂ ಮೊದಲೇ ಗುರುತು ಹಾಕಿ ಇಟ್ಟುಕೊಂಡಿರಬೇಕು. ಅಡುಗೆ ಫೋಟೋಗೂ, ‘ಬಸ್ ಹತ್ತಿದೆ’ಗೂ. ಫೋನ್ ಕದ್ದಾಲಿಕೆಗೆ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಹೂಡಿದ ಮೊಕದ್ದಮೆಯ 1996ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಗೆರೆ ಎಳೆದಿತ್ತು: ಗೃಹ ಕಾರ್ಯದರ್ಶಿಯ ಆದೇಶ ಬೇಕು, ಎರಡು ತಿಂಗಳಿಗೆ ಸೀಮಿತ, ಮುಂದುವರಿಸಿದರೂ ಒಟ್ಟು ಆರು ತಿಂಗಳು ದಾಟುವಂತಿಲ್ಲ. ಅಲ್ಲಿ ಒಂದು ನಂಬರ್ ಇರುತ್ತದೆ, ಶುರುವಾದ ದಿನ ಇರುತ್ತದೆ, ಮುಗಿಯುವ ದಿನ ಇರುತ್ತದೆ. ಇಲ್ಲಿ ಮೂರೂ ಇಲ್ಲ. ವಾಟ್ಸಾಪ್ 2021ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟಿಗೆ ಹೋದಾಗ ಎತ್ತಿದ ಆಕ್ಷೇಪದ ತಿರುಳೂ ಇದೇ. ನಮ್ಮ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನ 2017ರ ತೀರ್ಪನ್ನೂ (ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು) ಅದು ಆಧಾರವಾಗಿ ಮುಂದಿಟ್ಟಿತು. ಎನ್‌ಕ್ರಿಪ್ಶನ್ ಮುರಿಯಿರಿ ಅಂದರೆ ವಾಟ್ಸಾಪ್ ಇಲ್ಲಿಂದ ಹೊರಡುತ್ತದೆ ಅಂತ 2024ರ ಏಪ್ರಿಲ್‌ನಲ್ಲಿ ಅದರ ವಕೀಲರು ಅದೇ ಕೋರ್ಟಿನಲ್ಲಿ ಹೇಳಿದರು.

ನನಗೆ ಹೊಳೆದಿದ್ದು ‘ಜಾಡು’. ‘ಪ್ರಕರಣದ ಜಾಡು ಹಿಡಿದ ಪೊಲೀಸರು’, ‘ಹಣದ ಜಾಡು’ ಎಲ್ಲ ದಿನಾ ಪತ್ರಿಕೆಯಲ್ಲಿ ನೋಡುವಂಥದ್ದೇ. ಜಾಡು ಹಿಡಿಯುವುದು ಪೊಲೀಸರ ಕೆಲಸ, ಜಾಡು ಇಡುವುದು ಕಂಪನಿಯ ಕೆಲಸ. ಈ ‘ಇಡುವುದು’ ಬಂದರೆ ಮೊದಲೇ ಮಾಡಿರಬೇಕು ಎಂಬ ಅರ್ಥ ತಾನೇ ಬರುತ್ತದೆ. ಟ್ರೇಸಬಿಲಿಟಿಗೆ ‘ಜಾಡಿಡುವಿಕೆ’ ಅನ್ನಬಹುದಾ? ಹೇಳಲು ಸ್ವಲ್ಪ ತೊಡರುತ್ತದೆ, ಒಪ್ಪುತ್ತೇನೆ.

ಜಾಡು ಇಡುವ ಒಂದು ಉಪಾಯ ‘ಹ್ಯಾಶ್’. ಸಂದೇಶದ ಅಕ್ಷರಗಳಿಂದ ಲೆಕ್ಕ ಹಾಕಿ ತೆಗೆದ ಒಂದು ಗುರುತಿನ ಸಂಖ್ಯೆ. ಒಂದು ಅಕ್ಷರ ಬದಲಾದರೂ ಸಂಖ್ಯೆ ಪೂರ್ತಿ ಬದಲಾಗುತ್ತದೆ. ಯೂನಿಕೋಡ್ (ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಪದ್ಧತಿ) ಜೊತೆ ಗುದ್ದಾಡಿದವರಿಗೆ ಇದು ಇಷ್ಟವಾಗಬಹುದು: ‘ಕೊಡಿ’ಯ ‘ಕೊ’ ಬರೆಯಲು ಕಂಪ್ಯೂಟರಿನಲ್ಲಿ ಎರಡು ದಾರಿ. ಕಕ್ಕೆ ಒಂದೇ ಒತ್ವದ ಚಿಹ್ನೆ ಕೊಡಬಹುದು, ಇಲ್ಲವೇ ಎತ್ವ, ಕೊಂಬಿನ ದೀರ್ಘ ಎರಡನ್ನೂ ಒಂದರ ಪಕ್ಕ ಒಂದು ಇಡಬಹುದು. ಕಣ್ಣಿಗೆ ಎರಡೂ ಒಂದೇ. ಮೊದಲೇ ಎರಡನ್ನೂ ಸರಿಸಮ ಮಾಡಿಕೊಳ್ಳದಿದ್ದರೆ ಹ್ಯಾಶ್ ಬೇರೆ ಬೇರೆ. ಅಂದರೆ ಅದೇ ಸುಳ್ಳು ಸುದ್ದಿಯನ್ನು ಇನ್ನೊಬ್ಬ ಮತ್ತೆ ಟೈಪ್ ಮಾಡಿದರೆ, ಕೊನೆಗೊಂದು ಚುಕ್ಕಿ ಇಟ್ಟರೂ ಸಾಕು, ಅಲ್ಲಿಂದ ಹೊಸ ಜಾಡು ಶುರು. ಕಿಡಿಗೇಡಿ ತಪ್ಪಿಸಿಕೊಳ್ಳುತ್ತಾನೆ, ಉಳಿದವರ ಜಾಡು ಮಾತ್ರ ಅಲ್ಲೇ ಇರುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ‘ಫಸ್ಟ್ ಒರಿಜಿನೇಟರ್’. ‘ಮೂಲ ಕರ್ತೃ’, ‘ಹುಟ್ಟುಹಾಕಿದವರು’ ಅಂತ ಬರೆಯಲು ಕೈ ಹೋಗುತ್ತದೆ. (ನದಿಮೂಲ, ಋಷಿಮೂಲ ಕೇಳಬಾರದು ಅಂದ ಹಿರಿಯರು ಫಾರ್ವರ್ಡ್ ಮೂಲ ಸೇರಿಸಲು ಮರೆತರು.) ಆದರೆ 2000ದ ಐಟಿ ಕಾಯ್ದೆಯಲ್ಲಿ ‘ಒರಿಜಿನೇಟರ್’ ಅಂದರೆ ಬರೆದವರಷ್ಟೇ ಅಲ್ಲ, ಕಳಿಸಿದವರು, ಸಂಗ್ರಹಿಸಿದವರು, ದಾಟಿಸಿದವರು ಎಲ್ಲರೂ ಸೇರುತ್ತಾರೆ. ಜೊತೆಗೆ ನಿಯಮದಲ್ಲಿ ಇನ್ನೊಂದು ಮಾತಿದೆ: ಮೊದಲು ಕಳಿಸಿದವರು ದೇಶದ ಹೊರಗಿದ್ದರೆ, ದೇಶದೊಳಗೆ ಮೊದಲು ಕಳಿಸಿದವರನ್ನೇ ಮೊದಲಿಗರು ಅಂತ ಭಾವಿಸಬೇಕು. ದುಬೈಯಲ್ಲಿರುವ ಅಣ್ಣ ಒಂದು ವಿಡಿಯೋ ಕಳಿಸಿದ. ಪುತ್ತೂರಿನಲ್ಲಿರುವ ತಂಗಿ ಅದನ್ನು ಮನೆಯ ಗ್ರೂಪಿಗೆ ದಾಟಿಸಿದಳು. ಅಲ್ಲಿಂದ ಊರೆಲ್ಲ ಹಬ್ಬಿತು. ನಿಯಮದ ಲೆಕ್ಕದಲ್ಲಿ ಮೊದಲಿಗಳು ತಂಗಿ! ಅವಳನ್ನು ‘ಮೂಲ ಕರ್ತೃ’ ಅಂತ ಬರೆದರೆ ಶುದ್ಧ ಸುಳ್ಳು. ‘ಮೊದಲು ಕಳಿಸಿದವರು’ ಅಂದರೆ ಅರ್ಧ ಸರಿ. ‘ಇಲ್ಲಿ ಮೊದಲು ಕಳಿಸಿದವರು’ ಪೂರ್ತಿ ಸರಿ, ಆದರೆ ಪದವಲ್ಲ, ವಿವರಣೆಯಾಯಿತು. ‘ಮೊದಲ ಕಳುಹಿಸುಗ’ ಅಂತ ಗೆಳೆಯರೊಬ್ಬರು ಸೂಚಿಸಿದರು. ವ್ಯಾಕರಣ ಸರಿಯಿದ್ದರೂ ನಮ್ಮಮ್ಮ ಓದಿದರೆ ಅದು ಯಾವ ಪ್ರಾಣಿ ಅಂತ ಕೇಳುತ್ತಾರೆ.

ಕೋರ್ಟ್ ಕಾಗದಪತ್ರ ಅನುವಾದ ಮಾಡುವವರು ಇಲ್ಲಿ ಇದ್ದಾರಲ್ಲ, ದೋಷಾರೋಪ ಪಟ್ಟಿಯಲ್ಲಿ ಈ ಪದ ಕನ್ನಡದಲ್ಲಿ ಹೇಗೆ ಬಂದಿರುವುದನ್ನು ನೋಡಿದ್ದೀರಿ? ‘ಜಾಡು ಇಡು’ ನಿಮ್ಮ ಕಡೆಯ ಕಿವಿಗೆ ಹೇಗೆ ಕೇಳುತ್ತದೆ? ಧಾರವಾಡ, ಕಲಬುರಗಿ ಕಡೆಯವರು ದಯವಿಟ್ಟು ಹೇಳಿ, ಅಲ್ಲಿ ‘ಜಾಡು’ ಬೇರೆ ಅರ್ಥ ಕೊಡುವ ಹಾಗಿದ್ದರೆ ಅಚ್ಚಿಗೆ ಹೋಗುವ ಮೊದಲೇ ಗೊತ್ತಾಗಲಿ.