ಮಲೆನಾಡ ಮಳೆಗೆ ಹಳೇ ಪದ್ಮಿನಿ: ಪೇಂಟ್ ಮೊದಲೋ, ಶೆಡ್ ಮೊದಲೋ?

ಮೂಡಿಗೆರೆ ತೋಟದವ:
ಎಲ್ಲರಿಗೂ ನಮಸ್ಕಾರ. ನಮ್ಮ ತೋಟ ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗೋ ದಾರೀಲಿದೆ. ಅಪ್ಪ ತಗೊಂಡ ಪ್ರೀಮಿಯರ್ ಪದ್ಮಿನಿ ಕಾರು, ದಿನದ ಓಡಾಟದ ವ್ಯಾಗನ್ ಆರ್ ಎರಡೂ ಒಂದೇ ಶೆಡ್ಡಲ್ಲಿ ನಿಲ್ಲುತ್ತವೆ. ಜಿಂಕ್ ಶೀಟು, ಮೂರು ಕಡೆ ಗೋಡೆ, ಮಣ್ಣು ನೆಲ. ಒಂದು ಮೂಲೆಯಲ್ಲಿ ಗೊಬ್ಬರದ ಮೂಟೆ, ಹಸುವಿನ ಹಿಂಡಿ. ಪದ್ಮಿನಿಯ ಇಂಜಿನ್ ಗಟ್ಟಿಯಾಗಿದೆ. ಆದರೆ ಪ್ರತಿ ಮಳೆಗಾಲ ಕಳೆಯೋ ಹೊತ್ತಿಗೆ ಸೀಟಿಗೆ ಬೂಷ್ಟು, ಬಾಗಿಲ ಕೆಳಗೆ ತುಕ್ಕು, ಹಿಂದಿನ ಚಕ್ರ ಜಾಮ್. ಹೂ ಮಳೆ ಆಯ್ತು, ಮೃಗಶಿರ ಹಿಡಿಯೋದರೊಳಗೆ ಏನಾದರೂ ಮಾಡಿಸಬೇಕು. ಇರೋ ದುಡ್ಡಿಗೆ ಒಂದೇ ಕೆಲಸ ಆಗೋದು: ಗಾಡಿಗೆ ಪೂರ್ತಿ ಪೇಂಟ್, ಇಲ್ಲಾ ಶೆಡ್ ರಿಪೇರಿ. ಯಾವುದು ಮೊದಲು?

ಅರಸೀಕೆರೆ ಅಂಬಾಸಿಡರ್:
ಪೇಂಟ್ ಮಾಡಿಸಿ, ಒಳ್ಳೇ ವಾಟರ್‌ಪ್ರೂಫ್ ಕವರ್ ಹಾಕಿಬಿಡಿ. ನಮ್ಮ ಅಂಬಾಸಿಡರ್ ವರ್ಷಗಳಿಂದ ಜಿಂಕ್ ಶೀಟಿನ ಕೆಳಗೇ ಇದೆ, ಮಣ್ಣು ನೆಲವೇ. ತುಕ್ಕಿನ ಸುಳಿವಿಲ್ಲ.

ಹಾನುಬಾಳು 1100:
ಅರಸೀಕೆರೆಯವರು ಹೇಳಿದ್ದು ಅರಸೀಕೆರೆಗೆ ಸರಿ. ಅಲ್ಲಿ ತೆಂಗಿನ ತೋಟದ ಬಿಸಿಲಿಗೆ ನೆಲ ಬೇಗ ಒಣಗುತ್ತೆ. ಮೂಡಿಗೆರೆ, ಸಕಲೇಶಪುರದ ಕಡೆ ಆರಿದ್ರಾ, ಪುನರ್ವಸು ಕೂತರೆ ವಾರಗಟ್ಟಲೆ ಬಟ್ಟೆಯೇ ಒಣಗಲ್ಲ, ಇನ್ನು ಗಾಡಿಯ ತಗಡಿನ ಒಳಮೈ ಒಣಗುತ್ತಾ? ನಮ್ಮ ಪದ್ಮಿನಿಯನ್ನೂ ಇಂಥದ್ದೇ ಹವೆಯಲ್ಲಿ ಸಾಕುತ್ತಿರೋನು ನಾನು. ನನ್ನ ಮಾತು ಒಂದೇ: ಶೆಡ್ ಮೊದಲು. ಅದರಲ್ಲೂ ನೆಲ ಮೊದಲು.

ನಿಮ್ಮ ಗಾಡಿಗೆ ಮೇಲಿಂದ ಬೀಳೋ ಮಳೆ ಏನೂ ಮಾಡ್ತಿಲ್ಲ, ಕೆಳಗಿಂದ ಏಳೋ ಥಂಡಿ ತಿಂತಿದೆ. ಮಣ್ಣು ನೆಲ ರಾತ್ರಿಯಿಡೀ ತೇವ ಬಿಡುತ್ತೆ. ಅದು ತಣ್ಣಗಿನ ಜಿಂಕ್ ಶೀಟಿಗೆ ತಾಗಿ ಹನಿಯಾಗಿ ಮತ್ತೆ ಗಾಡಿ ಮೇಲೇ ಬೀಳುತ್ತೆ. ವಾಟರ್‌ಪ್ರೂಫ್ ಕವರ್ ಹಾಕಿದರೆ ಆ ತೇವ ಹೊರಗೆ ಹೋಗೋಕೆ ದಾರಿಯೇ ಇಲ್ಲ. ಹೊಸ ಪೇಂಟ್ ಕೂಡ ಒಳಗಿಂದ ಗುಳ್ಳೆ ಏಳುತ್ತೆ. ಹೊದಿಸಲೇಬೇಕು ಅಂದರೆ ಹಳೇ ಹತ್ತಿ ಬೆಡ್‌ಶೀಟ್ ಸಾಕು.

ಮೇಸ್ತ್ರಿಗೆ ಹೇಳಿ: ಕಲ್ಲು ಸೋಲಿಂಗ್ (ಅಡಿಗೆ ಕಲ್ಲು ಹಾಸೋದು), ಅದರ ಮೇಲೆ ದಪ್ಪ ಪಾಲಿಥಿನ್ ಹಾಳೆ, ಆಮೇಲೆ ನಾಲ್ಕರಿಂದ ಐದು ಇಂಚು ಕಾಂಕ್ರೀಟ್. ಆ ಹಾಳೆ ಮಾತ್ರ ತಪ್ಪಿಸಬೇಡಿ, ಥಂಡಿ ತಡೆಯೋದು ಅದೇ. ಜೋಡಿಸುವಾಗ ಅರ್ಧ ಅಡಿ ಒಂದರ ಮೇಲೊಂದು ಬರಲಿ. ಬಾಗಿಲ ಕಡೆಗೆ ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರು. ಟೈಲ್ಸ್ ಬೇಡ, ಜಾಕ್ ಸ್ಟ್ಯಾಂಡಿಗೆ ಒಡೆಯುತ್ತೆ, ಆಯಿಲ್ ಚೆಲ್ಲಿದರೆ ಜಾರುತ್ತೆ. ಎದುರುಬದುರು ಗೋಡೆಯಲ್ಲಿ ಗಾಳಿ ಆಡೋಕೆ ಜಾಲಿ ಇಡಿಸಿ, ಒಂದು ನೆಲಕ್ಕೆ ಹತ್ತಿರ, ಇನ್ನೊಂದು ಸೂರಿನ ಕೆಳಗೆ. ಎರಚಲು ಹೊಡೆಯೋ ಕಡೆ ಬೇಡ.

ಆ ಗೊಬ್ಬರದ ಮೂಟೆಗಳನ್ನು ಇವತ್ತೇ ಬೇರೆ ಕಡೆ ಸಾಗಿಸಿ. ಎಂಒಪಿ ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಜಾತಿಯದೇ. ಅದರ ಧೂಳು ತಗಡಿನ ಮೇಲೆ ಕೂತು ತೇವ ಹೀರಿದರೆ ಸಮುದ್ರದ ಪಕ್ಕ ಗಾಡಿ ನಿಲ್ಲಿಸಿದ ಹಾಗೆ. ತೋಟದ ಶೆಡ್ಡುಗಳಲ್ಲಿ ಎಷ್ಟೋ ಒಳ್ಳೆಯ ಜೀಪುಗಳ ಫ್ಲೋರ್ ಹೀಗೇ ಹೋಗಿದೆ, ನೋಡಿದರೆ ಹೊಟ್ಟೆ ಉರಿಯುತ್ತೆ.

ಇನ್ನು ಬಾಗಿಲು. ಕೆಳ ಅಂಚಿನಲ್ಲಿ ಬೆರಳಾಡಿಸಿ, ಸಣ್ಣ ಸಣ್ಣ ತೂತು ಸಿಗುತ್ತೆ. ಗಾಜಿನ ಪಕ್ಕದಿಂದ ಇಳಿದ ನೀರು ಹೊರಗೆ ಹೋಗೋಕೆ ಕಂಪನಿಯವರೇ ಬಿಟ್ಟದ್ದು. ಧೂಳು, ಎಲೆಪುಡಿ ಸೇರಿ ಅದು ಕಟ್ಟಿಕೊಂಡಿರುತ್ತೆ. ತೆಳು ಬಿದಿರುಕಡ್ಡಿ ಹಾಕಿ ಮೆಲ್ಲಗೆ ತಿರುವಿ. ಕಾಫಿ ಡಿಕಾಕ್ಷನ್ ಬಣ್ಣದ ನೀರು ಇಳಿದರೆ, ಬಾಗಿಲು ಇಷ್ಟು ದಿನ ನೀರು ತುಂಬಿಕೊಂಡೇ ಇತ್ತು ಅಂತ ತಿಳೀರಿ.

ಮೂಡಿಗೆರೆ ತೋಟದವ:
ಈಗಷ್ಟೇ ಕಡ್ಡಿ ಹಾಕಿ ನೋಡಿದೆ. ಎಡಗಡೆ ಹಿಂದಿನ ಬಾಗಿಲಿಂದ ನೀವು ಹೇಳಿದ ಬಣ್ಣದ ನೀರೇ ಬಂತು. ನೆಲಕ್ಕೆ ಮೇಸ್ತ್ರಿ ನಾಳೆ ಬರ್ತಾರೆ. ಹಿಂದಿನ ಚಕ್ರಕ್ಕೆ ಏನು ಮಾಡಲಿ? ಗಾಡಿಯನ್ನು ಶೆಡ್ಡಿಂದ ಆಚೆ ತರಬೇಕಲ್ಲ. ಫಸ್ಟ್ ಗೇರಲ್ಲಿ ಎಳೆದರೆ ಬಿಡುತ್ತಾ?

ಹಾನುಬಾಳು 1100:
ಎಳೆಯಬೇಡಿ, ಬ್ರೇಕ್ ಶೂಗೆ ಅಂಟಿಸಿರೋ ಲೈನಿಂಗ್ (ಡ್ರಮ್ಮಿಗೆ ಉಜ್ಜೋ ಪದರ) ಕಿತ್ತು ಬರಬಹುದು. ಪದ್ಮಿನಿಗೆ ನಾಲ್ಕೂ ಡ್ರಮ್ ಬ್ರೇಕ್. ಹ್ಯಾಂಡ್‌ಬ್ರೇಕ್ ಎಳೆದು ಮಳೆಗಾಲವಿಡೀ ನಿಲ್ಲಿಸಿದರೆ ಶೂ ಡ್ರಮ್ಮಿಗೆ ತುಕ್ಕಿನಲ್ಲಿ ಅಂಟುತ್ತೆ. ಹ್ಯಾಂಡ್‌ಬ್ರೇಕ್ ಬಿಟ್ಟು, ಮುಂದಿನ ಚಕ್ರಕ್ಕೆ ಎರಡೂ ಕಡೆ ಕಟ್ಟೆ ಕೊಟ್ಟು, ಹಿಂದೆ ಜಾಕ್ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೆಳಗೆ ಕೈ ಹಾಕಬೇಡಿ. ಈಗ ಮಣ್ಣು ನೆಲ ಅಲ್ವಾ, ಜಾಕಿಗೂ ಸ್ಟ್ಯಾಂಡಿಗೂ ಅಡಿಯಲ್ಲಿ ದಪ್ಪ ಹಲಗೆ ಇರಲಿ. ಅಡ್ಜಸ್ಟರ್ (ಶೂಗೂ ಡ್ರಮ್ಮಿಗೂ ನಡುವಿನ ಸಂದು ಹೊಂದಿಸೋ ಭಾಗ) ಸಡಿಲಿಸಿ, ಮರದ ಸುತ್ತಿಗೆಯಲ್ಲಿ ಡ್ರಮ್ಮಿನ ಅಂಚಿಗೆ ಸುತ್ತಲೂ ತಟ್ಟುತ್ತಾ ಬನ್ನಿ, ಬಿಡುತ್ತೆ. ಒಳಗಿನ ಧೂಳನ್ನು ಬಾಯಲ್ಲಿ ಊದಬೇಡಿ. ಹಳೇ ಲೈನಿಂಗಲ್ಲಿ ಆಸ್ಬೆಸ್ಟಾಸ್ ಇರಬಹುದು, ಒದ್ದೆ ಬಟ್ಟೆಯಲ್ಲಿ ಒರೆಸಿ.

ಅದೇ ಕೈಗೆ ಬ್ರೇಕ್ ಆಯಿಲ್ ಪೂರ್ತಿ ಬದಲಿಸಿ. ನೀವು ಚಾರ್ಮಾಡಿ ಇಳಿಯೋರು, ಇದು ಪ್ರಾಣದ ವಿಷಯ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಲ್ಲ. ತೇವ ಎಳೆದುಕೊಂಡ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತೆ. ಘಾಟಿಯಲ್ಲಿ ಕುದಿದರೆ ಪೆಡಲ್ ಸೀದಾ ನೆಲಕ್ಕೆ. ಎರಡು ವರ್ಷಕ್ಕೊಮ್ಮೆ ಬದಲಿಸಿ, ಇಳಿಯುವಾಗ ಕೆಳಗಿನ ಗೇರಲ್ಲೇ ಇಳೀರಿ.

ಹಾಸನ ವೈರಿಂಗ್:
ವ್ಯಾಗನ್ ಆರ್ ಬಗ್ಗೆ ಯಾರೂ ಹೇಳಲಿಲ್ಲ. ಹಿಂಡಿ ಮೂಟೆ ಇರೋ ಕಡೆ ಇಲಿ ಬರದೇ ಇರಲ್ಲ, ಹೊಸ ಗಾಡಿಯ ಹಾರ್ನೆಸ್ (ವೈರುಗಳ ಕಟ್ಟು) ಕಡಿದರೆ ಖರ್ಚು ಜಾಸ್ತಿ. ಮೂಟೆ ತೆಗೆಯಿರಿ, ಜಾಲಿಗೆ ಸಣ್ಣ ಕಣ್ಣಿನ ವೈರ್ ಮೆಷ್ ಬಿಗಿಸಿ. ಪದ್ಮಿನಿಯ ಹೆಡ್‌ಲೈಟ್ ಮಂಕಾಗಿದ್ದರೆ ದೊಡ್ಡ ಬಲ್ಬ್ ಹಾಕೋಕೆ ಹೋಗಬೇಡಿ, ಹಳೇ ಸ್ವಿಚ್ ಕರಗುತ್ತೆ. ಬ್ಯಾಟರಿಯಿಂದ ಫ್ಯೂಸ್ ಹಾಕಿ ರಿಲೇ (ಸ್ವಿಚ್ಚಿನ ಬದಲು ಬಲ್ಬಿನ ಕರೆಂಟ್ ಹೊರೋ ಸಾಧನ) ಕೊಟ್ಟು, ಅರ್ತ್ ಕೂರೋ ಜಾಗ ಉಜ್ಜಿ ಬಿಗಿ ಮಾಡಿದರೆ ಇರೋ ಬಲ್ಬಿಗೇ ಬೆಳಕು ಏರುತ್ತೆ.

ಮೂಡಿಗೆರೆ ತೋಟದವ:
ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಇಡ್ತಿದ್ದೀನಿ, ಅದು ಸಾಕಲ್ಲ? ಪೇಂಟ್ ಯಾವಾಗ ಮಾಡಿಸಲಿ?

ಹಾನುಬಾಳು 1100:
ಐದು ನಿಮಿಷಕ್ಕೆ ಇಂಜಿನ್ ಪೂರ್ತಿ ಕಾಯಲ್ಲ. ಸೈಲೆನ್ಸರಲ್ಲೂ ಆಯಿಲಲ್ಲೂ ನೀರು ಉಳಿಯುತ್ತೆ. ಮಳೆ ಹೊಳವು ಕೊಟ್ಟ ದಿನ ಮೂಡಿಗೆರೆಗೆ ಹೋಗಿ ಬನ್ನಿ, ಅರ್ಧ ಗಂಟೆಯಾದರೂ ಓಡಲಿ. ಆಗ ಬ್ರೇಕೂ ಒಣಗುತ್ತೆ. ಬ್ಯಾಟರಿ ನಿಂತಲ್ಲಿ 12.4 ವೋಲ್ಟಿಗಿಂತ ಇಳಿದರೆ ಚಾರ್ಜ್ ಮಾಡಿ, ಶೆಡ್ಡಿನ ಬಾಗಿಲು ತೆರೆದಿಟ್ಟು.

ಪೆಟ್ರೋಲ್ ಪೈಪೂ ನೋಡಿ. ಈಗಿನ 20 ಪರ್ಸೆಂಟ್ ಎಥನಾಲ್ ಪೆಟ್ರೋಲಿಗೆ ಹಳೇ ರಬ್ಬರ್ ತಡೆಯಲ್ಲ, ಒಳಗಿಂದ ಉಬ್ಬಿ ಬಿರಿಯುತ್ತೆ. ವೈಟಾನ್ (ಎಥನಾಲ್ ತಡೆಯೋ ರಬ್ಬರ್) ಒಳಪದರದ ಪೈಪ್ ಕೇಳಿ ತಗೊಳ್ಳಿ. ಗಾಡಿಯ ಪೆಟ್ರೋಲ್ ಪಂಪಿನ ಡಯಾಫ್ರಂ (ಒಳಗಿನ ಪೊರೆ) ಕೂಡ ಬಿಚ್ಚಿಸಿ ನೋಡಿಸಿ.

ಪೇಂಟ್ ಜನವರಿ, ಫೆಬ್ರವರಿಗೆ ಇಟ್ಟುಕೊಳ್ಳಿ, ಹವೆ ಒಣಗಿರುತ್ತೆ. ಅಲ್ಲಿವರೆಗೆ ಬಾಗಿಲ ಅಂಚಿನ ಸಡಿಲ ತುಕ್ಕು ಉಜ್ಜಿ, ಪೂರ್ತಿ ಒಣಗಿಸಿ, ರೆಡ್ ಆಕ್ಸೈಡ್ ಪ್ರೈಮರ್ ಎರಡು ಕೈ, ಅದರ ಮೇಲೊಂದು ಕೈ ಎನಾಮೆಲ್. ಬರೀ ಪ್ರೈಮರ್ ತೇವ ಎಳೆಯುತ್ತೆ, ಹಾಗೇ ಬಿಡಬೇಡಿ. ಹಚ್ಚುವಾಗ ಬಾಗಿಲ ಕೆಳಗಿನ ಆ ನೀರಿನ ತೂತುಗಳಿಗೆ ಬೆಂಕಿಕಡ್ಡಿ ಸಿಕ್ಕಿಸಿಡಿ, ಮತ್ತೆ ಕಟ್ಟಬಾರದು.