ಪದಚರ್ಚೆ: ದಿವಾಳಿಯಾದವರ ಜಮೀನಿನ ಮಾರಾಟಕ್ಕೆ ‘ಜಪ್ತಿ ಹರಾಜು’ ಎನ್ನಬಹುದೇ?

ಪ್ರಶ್ನೆ:

ಮಾನ್ಯರೇ, ದಿವಾಳಿಯೆಂದು ಘೋಷಿತನಾದ ಸಾಲಗಾರನೊಬ್ಬನ ಜಮೀನನ್ನು ನ್ಯಾಯಾಲಯದ ರಿಸೀವರ್ (ಆಸ್ತಿಯನ್ನು ವಹಿಸಿಕೊಳ್ಳಲು ನ್ಯಾಯಾಲಯ ನೇಮಿಸಿದ ವ್ಯಕ್ತಿ) ಮಾರಿ, ಬಂದ ಹಣವನ್ನು ಸಾಲ ಕೊಟ್ಟವರಿಗೆ ಹಂಚಲಿದ್ದಾರೆ. ಪ್ರಕಟಣೆಯ ಕನ್ನಡ ಪಾಠವನ್ನು ನಾಳೆಯೊಳಗೆ ಒಪ್ಪಿಸಬೇಕಾಗಿದೆ. ತಲೆಬರಹಕ್ಕೆ ‘ಜಪ್ತಿ ಹರಾಜು’ ಸರಿಯೇ? ‘ಹರಾಜು’ ಅರಬ್ಬಿ ಮೂಲದ್ದಾದ್ದರಿಂದ ಕೂಡದೆಂದು ಒಬ್ಬರು ಆಕ್ಷೇಪಿಸಿದ್ದಾರೆ.

ಉತ್ತರ:

ಸರಿಯಲ್ಲ, ಆದರೆ ಅದು ಆಕ್ಷೇಪಿಸಿದವರು ಕೊಟ್ಟ ಕಾರಣಕ್ಕಲ್ಲ. ಜಪ್ತಿಯು ಡಿಕ್ರಿಯ ಅಮಲ್ಜಾರಿಗೆ, ಎಂದರೆ ದಾವೆಯಲ್ಲಿ ನ್ಯಾಯಾಲಯ ಕೊಟ್ಟ ತೀರ್ಪನ್ನು ಜಾರಿಗೊಳಿಸುವುದಕ್ಕೆ, ಸೇರಿದ ಮಾತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದಂತೆ ಅಮೀನರು (ನ್ಯಾಯಾಲಯದ ಆದೇಶ ಜಾರಿ ಮಾಡುವ ನೌಕರರು) ಜಮೀನಿನ ಬಳಿ ತಮಟೆ ಹೊಡೆಸಿ ಸಾರಿ, ಜಪ್ತಿ ಆದೇಶದ ಪ್ರತಿಯನ್ನು ಎದ್ದು ಕಾಣುವಲ್ಲಿ ಅಂಟಿಸುತ್ತಾರೆ. ಮುಂದೆ ಹರಾಜಿನಲ್ಲಿ ಸವಾಲು ಗೆದ್ದವರು ಕಾಲುಭಾಗದ ಹಣವನ್ನು ಅಲ್ಲೇ ಕಟ್ಟಿ, ಉಳಿದುದನ್ನು 15 ದಿನಗಳೊಳಗೆ ತುಂಬಬೇಕು. ಜಪ್ತಿಯಾದ ಮಾತ್ರಕ್ಕೆ ಒಡೆತನ ಸಾಲಗಾರನ ಕೈಬಿಡುವುದಿಲ್ಲ. 1920ರ ಪ್ರಾಂತೀಯ ದಿವಾಳಿ ಕಾಯಿದೆಯ ದಾರಿಯೇ ಬೇರೆ: 28ನೇ ಕಲಮಿನ ಪ್ರಕಾರ, ದಿವಾಳಿಯೆಂದು ಘೋಷಿಸಿದೊಡನೆ ಆಸ್ತಿಯು ನ್ಯಾಯಾಲಯಕ್ಕೋ ರಿಸೀವರಿಗೋ ಸೇರುತ್ತದೆ. ತಮ್ಮ ಕೈಗೇ ಬಂದ ಆಸ್ತಿಯನ್ನು ಅವರು ಜಪ್ತಿ ಮಾಡುವುದೆಂತು? 59ನೇ ಕಲಮು ರಿಸೀವರಿಗೆ ಆಸ್ತಿಯನ್ನು ಮಾರುವ ಅಧಿಕಾರವನ್ನು ಕೊಡುತ್ತದೆಯೇ ಹೊರತು ಹರಾಜನ್ನೇ ಕಡ್ಡಾಯ ಮಾಡುವುದಿಲ್ಲ. ಆದ್ದರಿಂದ ‘ರಿಸೀವರಿಂದ ದಿವಾಳಿ ಆಸ್ತಿಯ ಮಾರಾಟ’ ಎಂದು ಬರೆಯಿರಿ. ಬಹಿರಂಗ ಸವಾಲು ನಡೆಯುವುದಾದರೆ ಮಾತ್ರ ‘ಹರಾಜು’ ಸೇರಿಸಿ.

ಆಡುಮಾತಿನಲ್ಲಿ ‘ಪಾಪರ್ ಆದ’ ಎನ್ನುವುದುಂಟು. ಪ್ರಕಟಣೆಗೆ ಅದು ಬೇಡ: ನ್ಯಾಯಾಲಯದ ರೂಢಿಯಲ್ಲಿ ಪಾಪರ್ ಎಂದರೆ ಶುಲ್ಕ ಕಟ್ಟಲಾರದೆ ದಾವೆ ಹೂಡುವವನು, ದಿವಾಳಿಯಾದವನಲ್ಲ.

ಇನ್ನು ಮೂಲದ ಜಗಳ. ಅರಬ್ಬಿಯೆಂದು ‘ಹರಾಜು’ ಬಿಡುವುದಾದರೆ ಜಪ್ತಿ, ಅಮೀನ, ವಕೀಲ ಎಲ್ಲವನ್ನೂ ಬಿಡಬೇಕು. ಧಾರವಾಡದ ಕಡೆಯ ‘ಲಿಲಾವು’ ಪೋರ್ಚುಗೀಸಿನದು, ಅದಕ್ಕೂ ಎಡೆಯಿಲ್ಲ. ಹೊಲ ಕಳೆದುಕೊಳ್ಳುತ್ತಿರುವವನು ಓದಬೇಕಾದ ಕಾಗದದಲ್ಲಿ ನಿನ್ನೆ ಟಂಕಿಸಿದ ಅಚ್ಚಗನ್ನಡ ಪದವನ್ನಿಡುವುದು ಅನ್ಯಾಯವೆಂದೇ ನನ್ನ ನಿಲುವು.

ಜಮೀನು ಅಡಮಾನದಲ್ಲಿದ್ದರೆ ಅದನ್ನೂ ತಪ್ಪದೆ ನಮೂದಿಸಿ, ಏಕೆಂದರೆ ಅಡಮಾನ ಹಿಡಿದವರ ಹಕ್ಕನ್ನು ದಿವಾಳಿಯ ಘೋಷಣೆ ಮುಟ್ಟುವುದಿಲ್ಲ. ಅದಕ್ಕೆ ಉಪನೋಂದಣಿ ಕಚೇರಿಯಲ್ಲಿ ಎಲ್ಲರೂ ಬಲ್ಲ ‘ಋಣಭಾರ’ ಎಂಬ ಪದವೇ ಸಾಕು.