ದಿನಕ್ಕೊಂದು ಕಾಲು ಕುಂಟುವ ಕುದುರೆ: ಕೀಲು ನೋವಾ, ಮೇವಿನ ತೊಂದರೆಯಾ?

ಗುಬ್ಬಿ ತೋಟದವನು:
ಎಲ್ಲರಿಗೂ ನಮಸ್ಕಾರ. ನಮ್ಮದು ಗುಬ್ಬಿ ತಾಲ್ಲೂಕು. ಎಂಟು ತಿಂಗಳ ಹಿಂದೆ ಒಂದು ಹೆಣ್ಣು ಕುದುರೆ ತಂದೆ. ಹೆಸರು ಚಂದ್ರಿ. ವಯಸ್ಸು ಒಂಬತ್ತು, ತೂಕ ಸುಮಾರು 350 ಕಿಲೋ. ಮೊದಲು ಮದುವೆ ಮೆರವಣಿಗೆಗೆ ಹೋಗುತ್ತಿತ್ತು. ನಾನು ಇಷ್ಟಪಟ್ಟು ಸಾಕಿಕೊಂಡಿದ್ದೇನೆ, ದುಡಿಮೆಗೆ ಅಲ್ಲ.

ಎರಡು ತಿಂಗಳಿಂದ ಬೆಳಿಗ್ಗೆ ಎದ್ದರೆ ಕಾಲು ಹಿಡಿದುಕೊಂಡಿರುತ್ತೆ. ಒಂದು ದಿನ ಎಡ ಮುಂಗಾಲು ಕುಂಟುತ್ತೆ, ನಾಲ್ಕು ದಿನ ಬಿಟ್ಟು ಬಲ ಹಿಂಗಾಲು. ಊತ ಇಲ್ಲ, ಗಾಯ ಇಲ್ಲ. ನೋವಿನ ಇಂಜೆಕ್ಷನ್ ಕೊಡಿಸಿದೆ. ಮೂರು ದಿನ ಚೆನ್ನಾಗಿತ್ತು, ಆಮೇಲೆ ಮತ್ತೆ ಅದೇ. ರಕ್ತ ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಾಗಿದೆ ಅಂತ ಬಂತು. ಕೀಲಿಗೆ ಪೌಡರ್ ತರಿಸಿ ಕೊಡಿ ಅಂತ ಕೆಲವರು ಹೇಳುತ್ತಾರೆ. ಬೆಲೆ ಜಾಸ್ತಿ. ಅದು ಕೆಲಸ ಮಾಡುತ್ತಾ?

ಕುಣಿಗಲ್ ಲಾಯದವರು:
ಪೌಡರ್ ಈಗಲೇ ಬೇಡ ಅಣ್ಣ. ಮೊದಲು ಇಷ್ಟು ಹೇಳಿ. ಏನು ಮೇವು, ಎಷ್ಟೆಷ್ಟು? ಎಲ್ಲಿ ಕಟ್ಟುತ್ತೀರಿ? ಗೊರಸು ಕೈಗೆ ಬಿಸಿ ಹತ್ತುತ್ತಾ? ಮುಂಗಾಲು ಮುಂದೆ ಚಾಚಿ, ಭಾರ ಹಿಂದಕ್ಕೆ ಹಾಕಿ ನಿಲ್ಲುತ್ತಾ? ಹಾಗಿದ್ದರೆ ಅದು ಗೊರಸಿನ ಒಳಗಿನ ಉರಿಯೂತ ಇರಬಹುದು. ಅದಕ್ಕೆ ಒಂದು ದಿನವೂ ಕಾಯಬಾರದು.

ಇನ್ನೊಂದು. ಕಣ್ಣಿನ ಕೆಳಗೆ, ಮೂಗಿನ ಎರಡೂ ಪಕ್ಕದ ಮೂಳೆ ಮುಟ್ಟಿ ನೋಡಿ. ದಪ್ಪ ಆಗಿದೆಯಾ?

ಗುಬ್ಬಿ ತೋಟದವನು:
ಗೊರಸು ತಣ್ಣಗಿದೆ, ನಿಲ್ಲೋದು ನೇರವಾಗಿಯೇ. ಮೇವು ಕೋ-4 ಹುಲ್ಲು, ಹೊಟ್ಟೆ ತುಂಬಾ. ಹಸುಗಳಿಗೆ ಅಂತ ಅರ್ಧ ಎಕರೆ ಹಾಕಿದ್ದೇವೆ, ಅದನ್ನೇ ಇದಕ್ಕೂ. ಗೋಧಿ ಬೂಸಾ ದಿನಕ್ಕೆ 3 ಕಿಲೋ, ನೆನೆಸಿದ ಹುರುಳಿ ಅರ್ಧ ಕಿಲೋ. ಕಟ್ಟೋದು ಕೊಟ್ಟಿಗೆಯಲ್ಲಿ, ಕೆಳಗೆ ಚಪ್ಪಡಿ ಕಲ್ಲು. ಸಂಜೆ ಅರ್ಧ ಗಂಟೆ ಓಡಾಡಿಸುತ್ತೇನೆ.

ಮುಖ ಮುಟ್ಟಿ ನೋಡಿದೆ. ಎರಡೂ ಕಡೆ ಸ್ವಲ್ಪ ಉಬ್ಬಿದೆ ಸರ್. ಮೈ ತುಂಬಿಕೊಂಡಿದೆ ಅಂದುಕೊಂಡಿದ್ದೆ. ಈಚೆಗೆ ಅಗಿಯೋದೂ ನಿಧಾನ ಆಗಿದೆ. ಭಯ ಆಗುತ್ತಿದೆ.

ಕುಣಿಗಲ್ ಲಾಯದವರು:
ಭಯ ಬೇಡ, ಆದರೆ ತಡ ಮಾಡಬೇಡಿ. ನೀವು ಹೇಳಿದ್ದೆಲ್ಲಾ ಒಂದೇ ಕಡೆಗೆ ಬೊಟ್ಟು ಮಾಡುತ್ತೆ. ತೊಂದರೆ ಶುರುವಾಗಿರೋದು ಮೇವಿನ ಬಾನಿಯಲ್ಲಿ.

ಗೋಧಿ ಬೂಸಾದಲ್ಲಿ ರಂಜಕ ಬಹಳ, ಕ್ಯಾಲ್ಸಿಯಂ ತೀರಾ ಕಡಿಮೆ. ಸುಮಾರು ಎಂಟು ಹತ್ತು ಪಟ್ಟು ವ್ಯತ್ಯಾಸ. ಕುದುರೆಗೆ ಇದು ತಲೆಕೆಳಗಾದ ಲೆಕ್ಕ. ಒಂದು ಪಾಲು ರಂಜಕಕ್ಕೆ ಒಂದೂವರೆಯಿಂದ ಎರಡು ಪಾಲು ಕ್ಯಾಲ್ಸಿಯಂ ಇರಬೇಕು. ಅದರ ಮೇಲೆ ಕೋ-4. ಅದು ನೇಪಿಯರ್ ಜಾತಿ, ಅದರಲ್ಲಿ ಆಕ್ಸಲೇಟ್ ಜಾಸ್ತಿ. ಮೇವಿನಲ್ಲಿರುವ ಕ್ಯಾಲ್ಸಿಯಂ ಅನ್ನು ಅದು ಹಿಡಿದಿಟ್ಟುಕೊಳ್ಳುತ್ತೆ, ಮೈಗೆ ಹತ್ತೋಕೆ ಬಿಡಲ್ಲ.

ಅದೇ ಹುಲ್ಲು ತಿಂದ ಹಸು ಚೆನ್ನಾಗಿದೆಯಲ್ಲ ಅಂತ ನೀವು ಕೇಳಬಹುದು. ಹಸುವಿಗೆ ಹೊಟ್ಟೆಯ ಮೊದಲ ಚೀಲದಲ್ಲೇ ಸೂಕ್ಷ್ಮಜೀವಿಗಳಿವೆ. ಅವು ಆಕ್ಸಲೇಟನ್ನು ಅಲ್ಲೇ ಒಡೆಯುತ್ತವೆ. ಕುದುರೆಗೆ ಆ ಕೆಲಸ ನಡೆಯೋದು ಹಿಂದಿನ ದೊಡ್ಡ ಕರುಳಿನಲ್ಲಿ. ಕ್ಯಾಲ್ಸಿಯಂ ಹೀರಿಕೊಳ್ಳುವ ಜಾಗ ಅಷ್ಟರಲ್ಲಿ ದಾಟಿ ಹೋಗಿರುತ್ತೆ. ಆಗ ಮೈ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಕೀಳುತ್ತೆ. ಹಾಗಾಗಿ ರಕ್ತದಲ್ಲಿ ಸರಿಯಾಗಿಯೇ ಕಾಣುತ್ತೆ, ಮೂಳೆ ಮಾತ್ರ ಟೊಳ್ಳಾಗುತ್ತೆ. ಮುಖದ ಮೂಳೆ ಉಬ್ಬೋದು, ದಿನಕ್ಕೊಂದು ಕಾಲು ಕುಂಟೋದು ಎಲ್ಲಾ ಇದರಿಂದಲೇ ಬರುತ್ತೆ. ಆದರೂ ನಾನು ಫೋಟೋ ಕೂಡ ನೋಡಿಲ್ಲ. ಕುದುರೆ ನೋಡಿ ಅಭ್ಯಾಸ ಇರುವ ವೈದ್ಯರಿಂದ ಖಚಿತ ಮಾಡಿಸಿಕೊಳ್ಳಿ. ರಕ್ತದ ಜೊತೆ ಮೂತ್ರವನ್ನೂ ಪರೀಕ್ಷೆ ಮಾಡಿಸಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಹೋಗಬೇಕಾದರೆ ಗಾಡಿಯಲ್ಲಿ ನಿಧಾನವಾಗಿ ಕರೆದುಕೊಂಡು ಹೋಗಿ.

ಮೇವು ಇವತ್ತಿನಿಂದ ಬದಲಾಯಿಸಲು ಶುರು ಮಾಡಿ. ಒಂದೇ ದಿನ ಅಲ್ಲ, ಹೊಟ್ಟೆನೋವು ಬರುತ್ತೆ. ಏಳರಿಂದ ಹತ್ತು ದಿನ ಹಿಡಿಯಲಿ. ಬೂಸಾ ಇಳಿಸುತ್ತಾ ನಿಲ್ಲಿಸಿ, ಕೋ-4 ಕೂಡ. 350 ಕಿಲೋ ಕುದುರೆಗೆ ದಿನಕ್ಕೆ ಒಣ ಲೆಕ್ಕದಲ್ಲಿ, ಅಂದರೆ ನೀರಿನಂಶ ಬಿಟ್ಟು, 5ರಿಂದ 7 ಕಿಲೋ ಮೇವು ಬೇಕು. ಅದರಲ್ಲಿ ಜಾಸ್ತಿ ಪಾಲು ಗರಿಕೆ ಅಥವಾ ರೋಡ್ಸ್ ಹುಲ್ಲು ಇರಲಿ. ಜೊತೆಗೆ ಕುದುರೆ ಮಸಾಲೆ (ಲೂಸರ್ನ್) ಸೊಪ್ಪು ಹಸಿಯಾಗಿ 8 ಕಿಲೋವರೆಗೆ. ಹೆಸರಲ್ಲೇ ಕುದುರೆ ಇದೆ, ನಮ್ಮ ಹಿರಿಯರು ಸುಮ್ನೆ ಇಟ್ಟಿಲ್ಲ. ಅದರಲ್ಲಿ ಕ್ಯಾಲ್ಸಿಯಂ ತುಂಬಾ ಇದೆ. ರಾಗಿ ಹುಲ್ಲು ಸ್ವಲ್ಪ ಕೊಡಬಹುದು, ಆದರೆ ಬಣವೆಯ ಅಡಿಯ ಬೂಷ್ಟು ಹಿಡಿದದ್ದು ಬೇಡವೇ ಬೇಡ. ಹುರುಳಿ ಅರ್ಧ ಕಿಲೋ ಸಾಕು. ಹಸುವಿನ ಫೀಡ್ ಮಾತ್ರ ಹತ್ತಿರ ತರಬೇಡಿ. ಕೆಲವು ಫೀಡ್‌ಗಳಲ್ಲಿ ಮೊನೆನ್ಸಿನ್ ಅನ್ನೋ ಔಷಧಿ ಸೇರಿಸಿರುತ್ತಾರೆ, ಅದು ಕುದುರೆಯ ಪ್ರಾಣ ತೆಗೆಯುತ್ತೆ.

ತಿಪಟೂರು ಅಜ್ಜನ ಮೊಮ್ಮಗ:
ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ಕ್ಯಾಲ್ಸಿಯಂ ಅಂತ ಎಲೆ ಅಡಿಕೆ ಸುಣ್ಣ ನೀರಿಗೆ ಹಾಕಬಹುದಾ? ನಮ್ಮ ಕಡೆ ಕೆಲವರು ಹಾಕುತ್ತಾರೆ.

ಕುಣಿಗಲ್ ಲಾಯದವರು:
ಬೇಡ ತಮ್ಮಾ, ಬಾಯಿ ಗಂಟಲು ಸುಡುತ್ತೆ. ಮೇವಿಗೆ ಬೆರೆಸುವ ಖನಿಜ ಪುಡಿ ಬೇರೆಯೇ ಇದೆ. ಯಾವುದು, ಎಷ್ಟು ಗ್ರಾಂ ಅನ್ನೋದನ್ನು ವೈದ್ಯರೇ ಬರೆಯಲಿ.

ಗುಬ್ಬಿಯವರಿಗೆ, ಓಡಾಟದ ಮಾತು ಬಾಕಿ ಇತ್ತು. ಈಗ ಸವಾರಿ, ಓಟ ಎರಡೂ ಪೂರ್ತಿ ನಿಲ್ಲಿಸಿ. ಮೂಳೆ ಬಲ ಇಲ್ಲದಾಗ ಮುರಿಯೋಕೆ ಒಂದು ಎಡವು ಸಾಕು. ಹಾಗಂತ ದಿನವಿಡೀ ಕಲ್ಲಿನ ಮೇಲೆ ಕಟ್ಟಿ ಹಾಕೋದೂ ತಪ್ಪು. ಕೀಲಿನ ಮೃದು ಮೂಳೆಗೆ ರಕ್ತನಾಳ ಇಲ್ಲ. ಕಾಲು ಎತ್ತಿ ಇಟ್ಟಾಗ ಒಳಗಿನ ದ್ರವ ಹೋಗಿ ಬಂದೇ ಅದಕ್ಕೆ ಪೋಷಣೆ ಸಿಗೋದು. ತೆಂಗಿನ ತೋಟದಲ್ಲಿ ಮಣ್ಣು ಮೆತ್ತಗಿರುವ ಜಾಗಕ್ಕೆ ಬೇಲಿ ಕಟ್ಟಿ ಬಿಡಿ. ಒಂದು ಮೂಲೆಯಲ್ಲಿ ಹುಲ್ಲು, ಇನ್ನೊಂದು ಮೂಲೆಯಲ್ಲಿ ನೀರಿನ ತೊಟ್ಟಿ. ಯಾರೂ ಹಗ್ಗ ಹಿಡಿಯದೆ ತಾನೇ ನಡೆಯುತ್ತೆ. ಹುಲ್ಲು ಸ್ವಲ್ಪ ಸ್ವಲ್ಪವಾಗಿ ದಿನವಿಡೀ ಸಿಗಲಿ. ಅದರ ಹೊಟ್ಟೆ ಚಿಕ್ಕದು, ಹುಳಿ ಮಾತ್ರ ಸದಾ ಊರುತ್ತೆ. ಖಾಲಿ ಹೊಟ್ಟೆಯಲ್ಲಿ ನೋವಿನ ಔಷಧಿ ಮೇಲಿಂದ ಮೇಲೆ ಬಿದ್ದರೆ ಹುಣ್ಣಾಗುತ್ತೆ.

ಗೊರಸು ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಿ ಸಮ ಮಾಡಿಸಿ. ಎತ್ತಿಗೆ ಲಾಳ ಹೊಡೆಯುವವರ ಕೈಗೆ ಕೊಡಬೇಡಿ. ಎತ್ತಿನ ಗೊರಸು ಸೀಳಿದ್ದು, ಇದು ಒಂಟಿ ಗೊರಸು. ಎರಡರ ಕೆಲಸ ಬೇರೆ.

ಗುಬ್ಬಿ ತೋಟದವನು (ಆರು ವಾರದ ನಂತರ):
ಬರೆಯೋದು ತಡವಾಯಿತು. ವೈದ್ಯರು ನೋಡಿ ನೀವು ಹೇಳಿದ್ದನ್ನೇ ಹೇಳಿದರು, ಖನಿಜ ಪುಡಿಯ ಅಳತೆ ಬರೆದುಕೊಟ್ಟರು. ಬೂಸಾ, ಕೋ-4 ಎರಡೂ ನಿಂತಿವೆ. ಕುದುರೆ ಮಸಾಲೆಯನ್ನು ಬದುವಿನ ಪಕ್ಕ ಐದು ಗುಂಟೆ ಹಾಕಿದ್ದೇನೆ. ಅದು ಬರೋವರೆಗೆ ಕೊಂಡು ಹಾಕುತ್ತಿದ್ದೇನೆ. ಮೂರನೇ ವಾರದಿಂದ ಕುಂಟು ಕಡಿಮೆ ಆಗುತ್ತಾ ಬಂತು. ಬೆಳಿಗ್ಗೆ ಕೂಗಿದರೆ ತೋಟದ ಆ ತುದಿಯಿಂದ ನಡೆದುಕೊಂಡು ಬರುತ್ತೆ. ಮೊನ್ನೆ ಅದನ್ನು ನೋಡಿ ನಮ್ಮಮ್ಮ ಕಣ್ಣು ಒರೆಸಿಕೊಂಡರು. ಮುಖದ ಉಬ್ಬು ಮಾತ್ರ ಹಾಗೇ ಇದೆ. ಹೋಗುತ್ತಾ? ಸವಾರಿ ಯಾವಾಗ ಶುರು ಮಾಡಲಿ?

ಕುಣಿಗಲ್ ಲಾಯದವರು:
ಓದಿ ತುಂಬಾ ಸಂತೋಷ ಆಯಿತು ಅಣ್ಣ. ಉಬ್ಬು ಪೂರ್ತಿ ಹೋಗದೇ ಇರಬಹುದು, ಅದರಿಂದ ಚಂದ್ರಿಗೆ ತೊಂದರೆ ಇಲ್ಲ. ಕುಂಟು ನಿಂತರೂ ಮೂಳೆ ತುಂಬಿಕೊಳ್ಳಲು ಇನ್ನೂ ಹಲವು ತಿಂಗಳು ಬೇಕು. ವೈದ್ಯರು ಮತ್ತೆ ನೋಡಿ ಒಪ್ಪುವವರೆಗೆ ಬೆನ್ನ ಮೇಲೆ ಮಕ್ಕಳನ್ನೂ ಕೂರಿಸಬೇಡಿ. ಐದು ಗುಂಟೆ ಸೊಪ್ಪು ಮೊದಲ ಸಲ ಕೊಯ್ದಾಗ ಹೂ ಬಿಡುವ ಹೊತ್ತಿಗೆ ಕೊಯ್ಯಿರಿ, ಬಲಿತರೆ ಕಾಂಡ ಗಟ್ಟಿ.